ಯಾವ ಭಾನುವಾರ

ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ವಿಭಾಗಕ್ಕೆ ಒಬ್ಬ ನಿರ್ದೇಶಕರಿದ್ದರು. ಅವರು ಯಾರನ್ನೂ ಮರೆಯುವುದಿಲ್ಲ ಎಂಬುದು ಎಲ್ಲರ ಬಾಯಲ್ಲಿದ್ದ ಮಾತು. ಯಾವ ಕಾಲದಲ್ಲೋ ಪಾಸಾಗಿ ಹೋದವನು ಬೋಳುತಲೆ, ಡೊಳ್ಳುಹೊಟ್ಟೆ ಹೊತ್ತುಕೊಂಡು ಸಮ್ಮಿಲನಕ್ಕೆ ಬಂದರೂ ಸರಿಯೇ, ಇವರು ಬಾಗಿಲಲ್ಲೇ ಹೆಸರು ಹಿಡಿದು ಕರೆಯುತ್ತಿದ್ದರು. ಹೆಂಡತಿಯ ಕಣ್ಣಿನ ಆಪರೇಷನ್ ಹೇಗಾಯಿತು, ಮಗಳ ಈಜು ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದರು. ಬಂದವನು ಅಲ್ಲೇ ಕರಗಿ ನೀರಾಗುತ್ತಿದ್ದ. ಊಟ ಮುಗಿಯುವಷ್ಟರಲ್ಲಿ ಪ್ರಯೋಗಾಲಯಕ್ಕೆ ಒಂದು ಯಂತ್ರವನ್ನೋ, ಬಡ ಹುಡುಗಿಯೊಬ್ಬಳಿಗೆ ವಿದ್ಯಾರ್ಥಿವೇತನವನ್ನೋ ಕೊಡಲು ಒಪ್ಪಿಕೊಂಡಿರುತ್ತಿದ್ದ.

ಅಷ್ಟೆಲ್ಲ ನೆನಪು ಒಂದು ತಲೆಯಲ್ಲಿ ಹಿಡಿಸೀತೇ? ಅದೆಲ್ಲ ಇದ್ದದ್ದು ಅವರ ಸಹಾಯಕಿಯ ಕಂಪ್ಯೂಟರಿನಲ್ಲಿ. ಯಾರ ಮನೆಗೆ ಹೊರಟರೂ ಆಕೆ ಕಾರಿನಲ್ಲಿ ಕೂತು ಆ ಮನೆಯ ಪುರಾಣವನ್ನೆಲ್ಲ ಓದಿ ಹೇಳುತ್ತಿದ್ದಳು. ಇವರು ಕಣ್ಣು ಮುಚ್ಚಿಕೊಂಡು ಬಾಯಿಪಾಠ ಮಾಡುತ್ತಿದ್ದರು. ಹೊರಗೆ ಬಂದ ಮೇಲೆ, ಹೊಸದಾಗಿ ತಿಳಿದದ್ದನ್ನು ಜೇಬಿನ ಪೆನ್ನು ತೆಗೆದು ವಿಸಿಟಿಂಗ್ ಕಾರ್ಡಿನ ಹಿಂಬದಿಗೆ ಗೀಚಿ ಆಕೆಯ ಕೈಗೆ ಕೊಡುತ್ತಿದ್ದರು. ದೇಣಿಗೆ ಎತ್ತುವ ಕೆಲಸದಲ್ಲಿ ಇದು ಮೋಸವೇನಲ್ಲ, ಎಲ್ಲ ಕಡೆಯೂ ನಡೆಯುವುದು ಹೀಗೆಯೇ. ಅಲ್ಲದೆ ಈ ವಿದ್ಯೆ ಅವರಿಗೆ ಹಾಸ್ಟೆಲಿನ ದಿನಗಳಿಂದಲೂ ಕರಗತ. ಪರೀಕ್ಷೆಯ ಹಿಂದಿನ ದಿನ ಪುಸ್ತಕ ಉರು ಹೊಡೆಯುವುದು, ಮರುದಿನ ಹೋಗಿ ಸುರಿದು ಬರುವುದು, ಅದರ ಮರುದಿನ ಅಷ್ಟನ್ನೂ ಮರೆತು ಹಾಯಾಗಿರುವುದು. ಅದಕ್ಕೇ ಅಲ್ಲಿ ಅವರಿಗೆ ‘ಗಿಣಿ’ ಎಂದು ಹೆಸರು ಬಿದ್ದಿತ್ತು.

ಆ ಹೆಸರಿಟ್ಟವನು ಅವರ ಕೋಣೆಯ ಜೊತೆಗಾರ. ಕತ್ತು ಉದ್ದ, ಕಾಲು ಉದ್ದ, ನಡೆದರೆ ಮೊದಲು ತಲೆ ಬಂದು ಆಮೇಲೆ ಮೈ ಬರುತ್ತಿತ್ತು. ಹಾಗಾಗಿ ಅವನು ‘ಒಂಟೆ’. ಓದು ಮುಗಿದ ಮೇಲೆ ಒಂಟೆ ಕಿಟಕಿ ಬಾಗಿಲು ಮಾಡುವ ಸಣ್ಣ ಕಾರ್ಖಾನೆ ಹಾಕಿದ, ಶಾಲೆಯಲ್ಲಿ ಗಣಿತ ಕಲಿಸುವವಳೊಬ್ಬಳನ್ನು ಮದುವೆಯಾದ. ಗಿಣಿ ಆಗ ಇದೇ ವಿಭಾಗದಲ್ಲಿ ಲಕೋಟೆಗಳ ಮೇಲೆ ವಿಳಾಸ ಬರೆಯುವ ಹಂಗಾಮಿ ಗುಮಾಸ್ತ. ಬಾಡಿಗೆ ಕೋಣೆ, ಅರೆಹೊಟ್ಟೆ. ಭಾನುವಾರ ಬಂತೆಂದರೆ ಒಂಟೆಯ ಮನೆಯಲ್ಲಿ ಊಟಕ್ಕೆ ಹಾಜರು. ಕರೆಯುವವರೂ ಬೇಕಿರಲಿಲ್ಲ, ಸಂಕೋಚವೂ ಇರಲಿಲ್ಲ. ಅವಳನ್ನು ‘ಅತ್ತಿಗೆ’ ಎಂದು ಕರೆಯುತ್ತಿದ್ದರು, ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು, ಸಂಜೆಯವರೆಗೆ ಅಲ್ಲೇ ಬಿದ್ದುಕೊಂಡಿರುತ್ತಿದ್ದರು.

ಆಮೇಲೆ ಗುಮಾಸ್ತ ಅಧಿಕಾರಿಯಾದರು, ಅಧಿಕಾರಿ ನಿರ್ದೇಶಕರಾದರು. ಕಾರು ಬಂತು, ವಿಮಾನ ಬಂತು, ಭಾನುವಾರಗಳು ಹೋದವು. ಹೊಸದಾಗಿ ಸೇರಿದವರಿಗೆ ಅವರು ಹೇಳಿಕೊಡುತ್ತಿದ್ದ ಮೊದಲ ಪಾಠ ಒಂದೇ: ಕೈ ಚಾಚುವ ಮುಂಚೆ ಮನೆಯವರನ್ನು ವಿಚಾರಿಸಬೇಕು. ಇದು ತಾವು ಅನುಭವದಿಂದ ಕಂಡುಕೊಂಡ ಸತ್ಯ ಎನ್ನುತ್ತಿದ್ದರು. ಒಂದು ದೊಡ್ಡ ಸಮ್ಮೇಳನದಲ್ಲಿ ಈ ಮಾತಿಗೇ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಅತ್ತ ಒಂಟೆಯ ಕಾರ್ಖಾನೆಯೂ ಬೆಳೆದು ದೊಡ್ಡದಾಯಿತು. ಹೀಗೆ ಒಂದು ದಿನ ಒಂಟೆಯ ಹೆಸರೂ ಸಹಾಯಕಿಯ ಕಂಪ್ಯೂಟರಿಗೆ ಹತ್ತಿತು. ಉಂಡ ಮನೆಯ ಹೆಸರು ಅಲ್ಲಿ ಕಂಡಾಗಲೇ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಖುಷಿಯಾಯಿತು.

ಆ ವರ್ಷ ಹೊಸದಾಗಿ ಬಂದ ಕುಲಪತಿ ಮೇಡಂಗೆ ಹುಡುಗಿಯರ ಹಾಸ್ಟೆಲಿಗೊಂದು ವಾಚನಾಲಯ ಕಟ್ಟಿಸುವ ಆಸೆ. ಅದಕ್ಕೇನಂತೆ, ನನ್ನ ಕೋಣೆಯ ಜೊತೆಗಾರನೇ ಇದ್ದಾನಲ್ಲ ಎಂದರು ನಿರ್ದೇಶಕರು. ಮೇಡಂ ತಾವೂ ಬರುತ್ತೇನೆಂದು ಹೊರಟರು. ದಾರಿಯಲ್ಲಿ ಸಹಾಯಕಿ ಎಂದಿನಂತೆ ಓದಿದಳು: ಹೆಂಡತಿ ನಿವೃತ್ತ ಗಣಿತ ಶಿಕ್ಷಕಿ, ಮಂಡಿನೋವು, ಮೆಟ್ಟಿಲು ಹತ್ತುವುದು ಕಷ್ಟ. ನಿರ್ದೇಶಕರು ಕಾರು ನಿಲ್ಲಿಸಿ ಔಷಧಿ ಅಂಗಡಿಯಲ್ಲಿ ಮಂಡಿಗೆ ಸುತ್ತುವ ಬೆಚ್ಚನೆಯ ಪಟ್ಟಿಯೊಂದನ್ನು ಕೊಂಡರು. ಬರಿಗೈಯಲ್ಲಿ ಹೋಗುವ ಪೈಕಿ ಅವರಲ್ಲ.

ಬಾಗಿಲು ತೆಗೆದವನು ಒಂಟೆಯೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಿರ್ದೇಶಕರು ಅವನನ್ನು ಬಿಗಿದಪ್ಪಿಕೊಂಡು, ಪಟ್ಟಿಯನ್ನು ಅವನ ಕೈಗಿಟ್ಟು, ಮೇಡಂಗೆ ಚೆನ್ನಾಗಿ ಕೇಳಿಸುವಂತೆ ದೊಡ್ಡ ದನಿಯಲ್ಲಿ ಕೇಳಿದರು: “ಅತ್ತಿಗೆ ಎಲ್ಲಪ್ಪಾ? ಮಂಡಿನೋವು ಹೇಗಿದೆ ಈಗ?”

ಒಂಟೆ ಅವರ ಮುಖವನ್ನೇ ನೋಡಿದ. ಕುಲಪತಿ ಮೇಡಂ ಕಡೆ ನೋಡಿದ, ಅವರ ಹಿಂದೆ ನಿಂತಿದ್ದ ಸಹಾಯಕಿಯ ಕಡೆ ನೋಡಿದ. ಮತ್ತೆ ಇವರನ್ನು ನೋಡಿದ.

“ಒಳಗೆ ಮಲಗಿದಾಳೆ,” ಎಂದ. “ಬನ್ನಿ, ಕೂತ್ಕೊಳ್ಳಿ.”

ಪಾಪ, ಎಬ್ಬಿಸಬೇಡಿ ಎಂದರು ಮೇಡಂ, ದನಿ ತಗ್ಗಿಸಿ. ಒಂಟೆ ತಾನೇ ಒಳಗೆ ಹೋಗಿ ಟೀ ಮಾಡಿ ತಂದ. ಅದಕ್ಕೆ ಸಕ್ಕರೆ ಹಾಕಲು ಮರೆತಿದ್ದ. ನಿರ್ದೇಶಕರು ಸಪ್ಪೆ ಟೀ ಕುಡಿಯುತ್ತ ಕೋಣೆಯ ಮೇಲೆ ಕಣ್ಣಾಡಿಸಿದರು. ಗಾಜಿನ ಬೀರುವಿನಲ್ಲಿ ಒಂದು ಕನ್ನಡಕ ಮಡಿಸಿ ಬಟ್ಟೆಯ ಮೇಲೆ ಇಟ್ಟಿತ್ತು, ಹೆಂಗಸರು ಹಾಕುವಂಥದ್ದು. ಮಲಗಿದವರ ಕನ್ನಡಕ ದಿಂಬಿನ ಪಕ್ಕ ಇರುತ್ತದೆ, ಬೀಗ ಹಾಕಿದ ಬೀರುವಿನಲ್ಲಿ ಯಾಕಿರುತ್ತದೆ?

ಆಗ ನೆನಪಾಯಿತು. ವಿಮಾನ ನಿಲ್ದಾಣ, ಉದ್ದನೆಯ ಸಾಲು, ಒಂದು ಕೈಯಲ್ಲಿ ಪಾಸ್‌ಪೋರ್ಟು, ಭುಜ ಮತ್ತು ಕಿವಿಯ ನಡುವೆ ಫೋನು. ಒಂಟೆಯ ದನಿ ಗುರುತೇ ಸಿಕ್ಕಿರಲಿಲ್ಲ. “ಹೋಗ್ಬಿಟ್ಲು ಕಣೋ,” ಎಂದು ಅವನು ಅತ್ತಿದ್ದ. ಇವರು ಅಯ್ಯೋ ಎಂದಿದ್ದರು, ಧೈರ್ಯ ತಂದುಕೋ ಎಂದಿದ್ದರು, ಭಾನುವಾರ ಬರ್ತೀನಿ ಎಂದಿದ್ದರು. ಅಷ್ಟರಲ್ಲಿ ಸಾಲು ಮುಂದಕ್ಕೆ ಹೋಯಿತು. ಆ ವಿಷಯ ಯಾವ ಕಾರ್ಡಿನ ಹಿಂಬದಿಗೂ ಹತ್ತಲಿಲ್ಲ, ಹಾಗಾಗಿ ತಲೆಯಲ್ಲೂ ಉಳಿಯಲಿಲ್ಲ. ಮೂರು ವರ್ಷವಾಗಿತ್ತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪಾಯಿತು ಎಂದು ಆಗಲೇ ಹೇಳಬಹುದಿತ್ತು. ಬಾಯಿ ಬರಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಒಂಟೆ ವಾಚನಾಲಯಕ್ಕೆ ಒಪ್ಪಿಕೊಂಡಾಗಿತ್ತು. ಒಂದೇ ಒಂದು ಮಾತು, ಅದಕ್ಕೆ ಅವಳ ಹೆಸರಿಡಬೇಕು ಎಂದ. ಮೇಡಂಗೆ ಸಂತೋಷ ಉಕ್ಕಿ ಬಂತು. ಹಾಗಾದರೆ ನಿಮ್ಮ ಮನೆಯವರೇ ಬಂದು ಉದ್ಘಾಟನೆ ಮಾಡಲಿ, ಮೆಟ್ಟಿಲಿಲ್ಲದ ಹಾಗೆ ನಾವು ವ್ಯವಸ್ಥೆ ಮಾಡುತ್ತೇವೆ ಎಂದರು. ನೋಡೋಣ ಎಂದ ಒಂಟೆ, ಇವರ ಕಡೆ ತಿರುಗಿಯೂ ನೋಡದೆ.

ಕಾರಿನಲ್ಲಿ ಮೇಡಂ ದಾರಿಯುದ್ದಕ್ಕೂ ಹೊಗಳಿದರು. ಸ್ನೇಹಿತನ ಹೆಂಡತಿಯ ಮಂಡಿನೋವನ್ನೂ ನೆನಪಿಟ್ಟುಕೊಳ್ಳುವ ಜನ ಈಗ ಎಲ್ಲಿದ್ದಾರೆ ಎಂದರು. ಹೊಸದಾಗಿ ಏನಾದರೂ ಸೇರಿಸಬೇಕೇ ಎಂದು ಸಹಾಯಕಿ ಕೇಳಿದಳು. ಏನಿಲ್ಲ ಎಂದು ಅವರು ಕಿಟಕಿಯಾಚೆ ಮುಖ ತಿರುಗಿಸಿದರು.

ಆದರೆ ಸತ್ತವರನ್ನು ಉದ್ಘಾಟನೆಗೆ ಕರೆಯುವುದಕ್ಕಾಗುತ್ತದೆಯೇ? ಆಮಂತ್ರಣ ಅಚ್ಚಿಗೆ ಹೋಗುವ ಮುಂಚೆ ಹೇಳಲೇಬೇಕಿತ್ತು. ಕುಲಪತಿಗಳ ಕೋಣೆಗೆ ಹೋಗಿ, ಆಕೆ ತೀರಿಕೊಂಡಿದ್ದಾರಂತೆ, ಈಗ ತಿಳಿಯಿತು, ಅವತ್ತು ಅವನು ಯಾಕೋ ಮುಚ್ಚಿಟ್ಟ, ನಮ್ಮ ಕಂಪ್ಯೂಟರಿನಲ್ಲಿ ಹಳೆಯ ಮಾಹಿತಿ ಇತ್ತು ಎಂದರು. ಮೇಡಂ, ದೇಣಿಗೆಗೇನೂ ತೊಂದರೆ ಇಲ್ಲ ತಾನೇ ಎಂದು ಕೇಳಿದರು. ಇಲ್ಲ ಎಂದರು ನಿರ್ದೇಶಕರು. ಆ ಕುರ್ಚಿಯಲ್ಲಿ ತಾವಿದ್ದರೂ ಮೊದಲು ಅದನ್ನೇ ಕೇಳುತ್ತಿದ್ದರು.

ಸಂಜೆ ಸುದ್ದಿ ತಿಳಿದು ಸಹಾಯಕಿ ಅವರ ಮೇಜಿನ ಮುಂದೆ ಬಂದು ನಿಂತಳು. ಕಣ್ಣು ಕೆಂಪಗಿತ್ತು. ತನ್ನಿಂದ ದೊಡ್ಡ ತಪ್ಪಾಯಿತು, ಆ ಮನೆಗೆ ಮೊದಲೇ ಫೋನ್ ಮಾಡಿ ವಿಚಾರಿಸಬೇಕಿತ್ತು, ಕ್ಷಮಿಸಿ ಎಂದಳು. ಪರವಾಗಿಲ್ಲ, ಹೀಗೆಲ್ಲ ಆಗುತ್ತಿರುತ್ತದೆ ಎಂದು ನಿರ್ದೇಶಕರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿಯೂ ಬಿಟ್ಟರು. ಆಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತರು. ತಮ್ಮ ಮೇಲೆ ತಮಗೇ ಅಷ್ಟು ಹೇಸಿಗೆ ಅವರಿಗೆ ಎಂದೂ ಆಗಿರಲಿಲ್ಲ.

ಭಾನುವಾರ ಅವರೊಬ್ಬರೇ ಬಸ್ಸು ಹತ್ತಿ ಹೋದರು. ಒಂಟೆ ಬಾಗಿಲು ತೆಗೆದ. ಅವನ ಬಲಗಾಲಿನ ಮಂಡಿಗೆ ಇವರು ತಂದುಕೊಟ್ಟಿದ್ದ ಅದೇ ಪಟ್ಟಿ ಸುತ್ತಿತ್ತು.

“ಚೆನ್ನಾಗಿದೆ ಇದು,” ಎಂದ ಒಂಟೆ. “ಏನು ಬಂದೆ? ಸಹಿ ಏನಾದ್ರೂ ಬೇಕಿತ್ತಾ?”

“ಇಲ್ಲ ಕಣೋ. ಭಾನುವಾರ ಬರ್ತೀನಿ ಅಂದಿದ್ನಲ್ಲ.”

“ಯಾವ ಭಾನುವಾರ ಅಂತ ನೀನು ಹೇಳಿರ್ಲಿಲ್ಲ ಬಿಡು.”

ಅಷ್ಟೇ ಹೇಳಿ ದಾರಿ ಬಿಟ್ಟ. ಅವನು ಬೈದಿದ್ದರೆ ವಾಸಿ ಇತ್ತು. ನಿರ್ದೇಶಕರು ಕುರ್ಚಿಯ ಅಂಚಿನಲ್ಲಿ ಕೂತು, ವಿಮಾನ ನಿಲ್ದಾಣದಿಂದ ಹಿಡಿದು ಸಹಾಯಕಿಯ ಕೆಂಪು ಕಣ್ಣಿನವರೆಗೆ ಏನನ್ನೂ ಮುಚ್ಚಿಡದೆ ಹೇಳಿದರು. ಆ ಹುಡುಗಿಗೆ ನಾಳೆ ಬೆಳಿಗ್ಗೆಯೇ ನಿಜ ಹೇಳು ಎಂದ ಒಂಟೆ. ಇವರು ತಲೆಯಾಡಿಸಿದರು. ಅವತ್ತು ಯಾಕೆ ಸುಳ್ಳು ಹೇಳಿ ನನ್ನನ್ನು ಉಳಿಸಿದೆ ಎಂದು ಕೇಳಿದರು.

“ಅಷ್ಟು ಜನರ ಎದುರು ನಿನ್ನ ಮುಖ ಸಣ್ಣದಾಗೋದು ನೋಡಕ್ಕಾಗ್ಲಿಲ್ಲ,” ಎಂದ ಒಂಟೆ. “ಅದೂ ಅಲ್ದೆ, ಈಗ ಅವಳು ಎಲ್ಲಿ ಅಂತ ಯಾರೂ ಕೇಳಲ್ಲ. ನೀನು ಕೇಳ್ದಾಗ, ಒಂದು ಗಳಿಗೆ ಒಳಗೇ ಇದಾಳೇನೋ ಅನ್ನಿಸ್ತು.”

ಆಮೇಲೆ ಒಂಟೆ ಕಾಲು ನೀಡಿಕೊಂಡು ಕೇಳಿದ:

“ನಿನ್ನ ಕಂಪ್ಯೂಟರಲ್ಲಿ ಇಲ್ದೇ ಇರೋದು, ಅವಳ ಬಗ್ಗೆ ಒಂದು ಹೇಳು ನೋಡೋಣ.”

ಯಾರನ್ನೂ ಮರೆಯದ ನಿರ್ದೇಶಕರು ತಲೆಯೆಲ್ಲ ತಡಕಾಡಿದರು. ತಟ್ಟೆ ಕಂಡಿತು. ಬಡಿಸುವ ಕೈ ಕಂಡಿತು. ಆ ಕೈಯ ಹಿಂದಿನ ಮುಖ, ಆ ಬಾಯಿ ಆಡಿದ ಒಂದು ಮಾತು, ಏನೆಂದರೆ ಏನೂ ಸಿಗಲಿಲ್ಲ. ಎಷ್ಟು ವರ್ಷ ಅವಳ ಕೈಯಡುಗೆ ಉಂಡಿದ್ದರು! ಗಣಿತ, ಮಂಡಿನೋವು, ಮೆಟ್ಟಿಲು. ತಿರುಗಿ ತಿರುಗಿ ಕಾರಿನಲ್ಲಿ ಉರು ಹೊಡೆದದ್ದೇ ನಾಲಿಗೆಗೆ ಬಂತು.

ಒಂಟೆಗೆ ಅರ್ಥವಾಯಿತು. ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಹಾಗಾದರೆ ತಾನೇ ಹೇಳುತ್ತೇನೆಂದು ಶುರು ಮಾಡಿದ. ಗುಮಾಸ್ತನಾಗಿದ್ದಾಗ ಇವರನ್ನು ಮೊದಲ ಸಲ ಯಾರದೋ ಮನೆಗೆ ದೇಣಿಗೆ ಕೇಳಲು ಕಳಿಸಿದ್ದರಂತೆ. ಹೊಸಿಲು ದಾಟುತ್ತಲೇ ಹಣ ಕೇಳಿ, ಬೈಸಿಕೊಂಡು, ಸೋತ ಮುಖ ಹೊತ್ತು ಇದೇ ಮನೆಗೆ ಬಂದಿದ್ದರಂತೆ.

“ನಿನ್ನನ್ನ ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸ್ಕೊಂಡು ಪಾಠ ಮಾಡಿದ್ಲು. ಮೊದಲು ಮನೆಯವರನ್ನ ವಿಚಾರಿಸ್ಬೇಕಪ್ಪಾ ಅಂದ್ಲು. ವಿಚಾರಿಸಿದ್ರೆ ಸಾಲದು, ಅವರು ಹೇಳೋದನ್ನ ಕೂತು ಕೇಳ್ಬೇಕು ಅಂದ್ಲು. ನೀನು ಮಗ್ಗಿ ಒಪ್ಪಿಸೋ ಹಾಗೆ ಎರಡು ಸಲ ಒಪ್ಪಿಸ್ದೆ. ನೀನು ಹೋದ್ಮೇಲೆ ನಾವಿಬ್ರೂ ಎಷ್ಟು ನಕ್ವಿ ಗೊತ್ತಾ?”

ಸಮ್ಮೇಳನದ ಆ ಚಪ್ಪಾಳೆ ನಿರ್ದೇಶಕರ ಕಿವಿಯಲ್ಲಿ ಮೊಳಗಿತು. ಅದು ಅತ್ತಿಗೆಯ ಮಾತು. ಅದರಲ್ಲೂ ಅರ್ಧವನ್ನಷ್ಟೇ ಅವರು ಇಷ್ಟು ವರ್ಷ ಮಾರಿಕೊಂಡು ಬಂದಿದ್ದರು. ಒಂಟೆ ಮುಂದಕ್ಕೆ ಹೇಳುತ್ತಲೇ ಇದ್ದ. ಅವಳಿಗೆ ಕತ್ತಲೆಂದರೆ ಹೆದರಿಕೆ ಇದ್ದದ್ದನ್ನು, ದಡ್ಡ ಮಕ್ಕಳನ್ನು ಮನೆಗೇ ಕರೆತಂದು ಕೂರಿಸಿಕೊಳ್ಳುತ್ತಿದ್ದದ್ದನ್ನು. ಒಂದು ಕಡೆ ತಟ್ಟನೆ ನಿಲ್ಲಿಸಿದ. ಅವನ ಕಣ್ಣು ಇವರ ಅಂಗಿಯ ಮೇಲಿತ್ತು. ನಿರ್ದೇಶಕರು ತಾವೂ ನೋಡಿಕೊಂಡರು. ಬಲಗೈ ಅವರಿಗೇ ತಿಳಿಯದಂತೆ ಜೇಬಿಗೆ ಹೋಗಿ ಪೆನ್ನನ್ನು ಅರ್ಧ ಹೊರಗೆಳೆದಿತ್ತು.

“ಬರ್ಕೋಬೇಡ ಗಿಣಿ,” ಎಂದ ಒಂಟೆ, ಮೆಲ್ಲಗೆ. “ಸುಮ್ನೆ ಕೇಳು.”