ಮೇಜಿನ ಕೆಳಗಿನ ಗುಮ್ಮ

ಎಂಬತ್ತರ ದಶಕದ ಮೊದಲಲ್ಲಿ, ಈ ಪರದೇಶದಲ್ಲಿ, ನನ್ನ ಮಗ ಒಂದಷ್ಟು ಕಾಲ ಹೊಟ್ಟೆಗೆ ಹಾಕಿದ ನಳಿಕೆಯಿಂದಲೇ ಬದುಕಿದ. ಅವನು ಬಾಯಿಂದ ತಿನ್ನಲು ಕಲಿತ ಮೇಲೆ, ಊಟ ಸೇರದ ಮಕ್ಕಳ ತಾಯಂದಿರಿಗೆ ಅವನ ಡಾಕ್ಟರು ನನ್ನ ಫೋನ್ ನಂಬರು ಕೊಡತೊಡಗಿದರು. ನಾನು ಉಪದೇಶ ಮಾಡುತ್ತಿರಲಿಲ್ಲ. “ಎರಡು ಬಾರಿಸಿ, ತಾನಾಗೇ ತಿಂತಾನೆ” ಎಂದು ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ಅಪ್ಪಣೆ ಕೊಡಿಸುವ ಮಹಾತಾಯಿಯರನ್ನು ಕಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಫೋನ್ ಮಾಡಿದವರ ಮನೆಗೆ ಹೋಗಿ, ಜೊತೆಗೆ ಕೂತು ಊಟ ಮಾಡುತ್ತಿದ್ದೆ, ಅಷ್ಟೆ.

ಹಾಗೆ ಪರಿಚಯವಾದವಳು ಯೂನಿಯನ್ ಸಿಟಿಯಲ್ಲಿದ್ದ ಮೈಸೂರಿನ ಒಬ್ಬ ತಾಯಿ. ಅವಳ ನಾಲ್ಕು ವರ್ಷದ ಮಗಳು ಹಾಲು ಬಿಟ್ಟು ಏನನ್ನೂ ನುಂಗುತ್ತಿರಲಿಲ್ಲ. ತುತ್ತು ತುಟಿಯ ಹತ್ತಿರ ಬಂದರೆ ಸಾಕು, ಓಕರಿಸುತ್ತಿದ್ದಳು. ತೂಕ ಇಳಿಯುತ್ತಲೇ ಇತ್ತು. ಹೀಗೇ ಆದರೆ ಇವಳಿಗೂ ನಳಿಕೆಯೇ ಗತಿ ಎಂದಿದ್ದರು ಡಾಕ್ಟರು.

ಒಂದು ಬೆಳಿಗ್ಗೆ ಆ ತಾಯಿಯ ಫೋನು ಬಂತು.

“ಅಕ್ಕ, ಮನೇಲಿ ಏನೋ ಇದೆ.”

ರೋಸಿಹೋಗಿ ಮಗಳನ್ನು ಹೆದರಿಸಿದ್ದಳಂತೆ: ನೀನು ತಿನ್ನದಿದ್ದರೆ ಗುಮ್ಮ ತಿಂದುಬಿಡ್ತಾನೆ, ಇಲ್ಲೇ ಮೇಜಿನ ಕೆಳಗೆ ಕೂತಿದ್ದಾನೆ. ನಮ್ಮಲ್ಲಿ ಯಾವ ತಾಯಿ ಆಡಿಲ್ಲ ಈ ಮಾತನ್ನು? ಮಗು ಹೆದರಲಿಲ್ಲ. ತನ್ನ ತಟ್ಟೆಯನ್ನೇ ಮೇಜಿನ ಕೆಳಗೆ ತಳ್ಳಿತು. ಇವಳು ಅಡುಗೆಮನೆಗೆ ಹೋಗಿ ಅತ್ತು ಬರುವಷ್ಟರಲ್ಲಿ ತಟ್ಟೆ ಖಾಲಿ, ಮಗು ಕುರ್ಚಿಯ ಮೇಲೆ ತುಟಿ ಬಿಗಿದು ಕೂತಿತ್ತು. ಮರುದಿನವೂ ಅದೇ ಕಥೆ. ಕಸದ ಬುಟ್ಟಿ, ಕಾರ್ಪೆಟ್ಟು, ಮಗುವಿನ ಜೇಬು ಎಲ್ಲ ಹುಡುಕಿದ್ದಳು. ಒಂದು ಅಗುಳೂ ಸಿಕ್ಕಿರಲಿಲ್ಲ.

“ಅವಳೇ ತಿಂದಿರಬೇಕು ಕಣೇ.”

“ಅನ್ನ ಕಂಡ್ರೆ ವಾಂತಿ ಮಾಡ್ಕೊಳ್ಳೋಳು ಹೇಗ್ ತಿಂತಾಳೆ ಅಕ್ಕ?”

ಮಧ್ಯಾಹ್ನ ಮೌಂಟನ್ ವ್ಯೂನ ನನ್ನ ಮನೆಯಿಂದ ಕೊಲ್ಲಿಯ ಸೇತುವೆ ದಾಟಿ ಹೋದೆ. ಮೋಡ ಕವಿದು ಮನೆಯೊಳಗೆ ಬೆಳಕೇ ಇರಲಿಲ್ಲ. ಮನೆಯ ಹಿಂದಿನ ಹಳಿಯ ಮೇಲೆ ರೈಲು ಹಾದಾಗಲೆಲ್ಲ ಮೇಜಿನ ಮೇಲಿನ ಲೋಟಗಳು ಸಣ್ಣಗೆ ಅದುರುತ್ತಿದ್ದವು. ಅವಳು ಮೂವರಿಗೂ ಮೊಸರನ್ನ ಬಡಿಸಿದಳು.

“ಅವಳ ಬಾಯಿ ಕಡೆ ನೋಡಬೇಡ. ನಿನ್ನ ಪಾಡಿಗೆ ನೀನು ತಿನ್ನು” ಎಂದೆ.

ಮಗು ತಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಜಾರಿ, ಮೇಜಿನ ಬಟ್ಟೆಯ ಹಿಂದೆ ಮರೆಯಾಯಿತು. ಆಮೇಲೆ ಕೆಳಗಿನಿಂದ ಚಪ್ಪರಿಸುವ ಸದ್ದು, ನಿಧಾನವಾಗಿ, ಯಾರೋ ಮುದುಕರು ಒಸಡಿನಿಂದ ತಿನ್ನುವ ಹಾಗೆ. ತಾಯಿ ಬಗ್ಗಿ ನೋಡಲು ಹೋದಳು. ಮೊಣಕೈ ಹಿಡಿದು ಕೂರಿಸಿದೆ. ಒಳಗಿರುವುದು ಯಾರೆಂದು ಗೊತ್ತಿದ್ದ ನನಗೂ ಮೈ ಜುಮ್ಮೆಂದಿತು. ತಣ್ಣಗಿನದೇನೋ ಪಾದಕ್ಕೆ ತಾಗಿತು. ಖಾಲಿ ತಟ್ಟೆ.

“ಡೋಂಟ್ ಲುಕ್,” ಎಂದಿತು ಮಗುವಿನ ದನಿ. “ಹೀ ಈಸ್ ಶೈ.”

“ಗುಮ್ಮನಿಗೆ ಇನ್ನೂ ಬೇಕಾ ಕೇಳು” ಎಂದೆ.

ಉತ್ತರ ಬಂದದ್ದು ಕನ್ನಡದಲ್ಲಿ, ಆ ಮಗು ಎಂದೂ ಬಾಯಿಬಿಟ್ಟು ಆಡದ ಕನ್ನಡದಲ್ಲಿ, ಗೊಗ್ಗರು ದನಿಯಲ್ಲಿ.

“ಬೇಕು.”

ತಾಯಿಯ ಮುಖ ಬಿಳಿಚಿಕೊಂಡಿತು. ಆದರೂ ಒಂದು ತುತ್ತು ಕಲಸಿ, ಎದುರಿನ ಗೋಡೆಯನ್ನೇ ನೋಡುತ್ತ, ಕೈಯನ್ನು ಮೇಜಿನ ಕೆಳಗೆ ಇಳಿಸಿದಳು. ರೈಲೊಂದು ಹೋಯಿತು. ಲೋಟಗಳು ಅದುರಿ ನಿಂತವು. ಅವಳ ಹೆಗಲು ತಟ್ಟನೆ ಬೆಚ್ಚಿತು. ಕೈ ಮೇಲೆ ಬಂದಾಗ ತುತ್ತು ಇರಲಿಲ್ಲ.

“ಹಲ್ಲು ತಾಗ್ತು ಅಕ್ಕ” ಎಂದಳು, ಬೆರಳನ್ನೇ ನೋಡಿಕೊಂಡು ಅಳುತ್ತ. ಇನ್ನೊಂದು ತುತ್ತು ಕಲಸತೊಡಗಿದಳು.