ಪ್ರಮೀಳಕ್ಕನ ಫ್ಯಾಟ್

ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷ. ನ್ಯಾಮತಿ ತಾಲ್ಲೂಕಿನ ನಮ್ಮೂರ ಹಾಲಿನ ಡೈರಿಯಲ್ಲಿ ಪ್ರಮೀಳಕ್ಕ ತಣ್ಣನೆಯ ಹಾಲಿನ ಟ್ಯಾಂಕಿಗೆ ಎಡಗೆನ್ನೆ ಒತ್ತಿಕೊಂಡು ನಿಂತಿದ್ದಳು. ಕ್ಯಾನು ಹಿಡಿದ ಹದಿನೇಳು ಜನ ಸಾಲಿನಲ್ಲಿ ಕಾಯುತ್ತಿದ್ದರು.

“ಏನವ್ವಾ, ಟ್ಯಾಂಕು ಗುಟ್ಟು ಹೇಳ್ತಾ ಐತೇನು?” ಎಂದ ಮುಂದಿದ್ದ ಅಂಜಿನಪ್ಪ.

“ಮೈಯಾಗೆ ಒಲೆ ಹತ್ತೈತೆ ಮಾವ. ಎರಡು ನಿಮಿಷ ತಡೀರಿ.”

ನಾಲ್ಕು ನಿಮಿಷವಾಯಿತು. ಆಮೇಲೆ ಅವನ ಹಾಲನ್ನು ಮಿಷನ್ನಿಗೆ ಇಟ್ಟು, ಹಾಲಿನ ಕೊಬ್ಬು, ಅಂದರೆ ಫ್ಯಾಟ್, ಎಷ್ಟೆಂದು ಎಂದಿನಂತೆ ಗಟ್ಟಿಯಾಗಿ ಕೂಗಿದಳು: “ಅಂಜಿನಪ್ಪ, ಎರಡು ಪಾಯಿಂಟ್ ಒಂಬತ್ತು!”

“ನೀರು ಕುಡಿಸಿದ್ದು ಹಸೂಗೆ, ಹಾಲಿಗಲ್ಲ! ಸರಿಯಾಗಿ ನೋಡವ್ವಾ!”

ಮಿಷನ್ ತೋರಿಸುತ್ತಿದ್ದದ್ದು ಮೂರು ಪಾಯಿಂಟ್ ಒಂಬತ್ತು. ಪ್ರಮೀಳಕ್ಕ ಸಾಲಿನ ಎದುರೇ ಅತ್ತುಬಿಟ್ಟಳು.

ಹತ್ತೊಂಬತ್ತು ವರ್ಷಗಳಲ್ಲಿ ಆಕೆ ಒಂದು ಅಂಕಿಯನ್ನೂ ತಪ್ಪಾಗಿ ಕೂಗಿದವಳಲ್ಲ. ಆ ತಿಂಗಳಲ್ಲಿ ಮಾತ್ರ ಇದು ಮೂರನೆಯ ತಪ್ಪು. ಮೊದಲೆರಡು ಸಲ ಮಿಷನ್ನನ್ನೇ ಬೈದು, ಮೆಕ್ಯಾನಿಕ್ಕನ್ನು ಕರೆಸಿದ್ದಳು. ಮಿಷನ್ ಸರಿಯಾಗಿತ್ತು. ತನ್ನ ತಲೆಯೇ ಕೆಟ್ಟಿದೆ ಎಂದುಕೊಂಡು ಅಂದು ರಾಜೀನಾಮೆ ಪತ್ರ ಬರೆದಳು.

“ಮಿಷನ್ನಿಗೆ ಎರಡು ಸಲ ಮೆಕ್ಯಾನಿಕ್ ಬಂದ. ನಿನಗೆ ಒಂದು ಸಲನಾದ್ರೂ ಡಾಕ್ಟ್ರು ಬ್ಯಾಡ್ವಾ?” ಎಂದ ಗಂಡ ಕಲ್ಲೇಶ್, ಪತ್ರವನ್ನು ಜೇಬಿಗೆ ಹಾಕಿಕೊಂಡು ಬೈಕ್ ಹೊರಡಿಸಿದ.

ಹೊನ್ನಾಳಿಯ ಡಾಕ್ಟರ್ ಸುನೀತಾ ಎಲ್ಲ ಕೇಳಿದರು. ಪ್ರಮೀಳಕ್ಕನಿಗೆ ಐವತ್ತು ವರ್ಷ; ಮುಟ್ಟು ನಿಂತು ಹದಿನಾಲ್ಕು ತಿಂಗಳು.

“ತಲೆ ಕೆಟ್ಟಿಲ್ಲ. ಹಾರ್ಮೋನು ಇಳಿದಿದೆ. ಸೆಕೆ, ನಿದ್ದೆ ಇಲ್ಲದಿರೋದು, ಅಳು, ಮರೆವು, ಇವೆಲ್ಲ ಅದರ ಜೊತೆ ಬರಬಹುದು.”

ಬಿಪಿ ನೋಡಿ, ಸ್ತನದ ಪರೀಕ್ಷೆ ಮಾಡಿಸಿ, ರಕ್ತ ಹೆಪ್ಪುಗಟ್ಟಿದ್ದುಂಟೇ ಎಂದು ವಿಚಾರಿಸಿದ ಮೇಲೆ, “ಇದು ಎಲ್ಲರಿಗೂ ಆಗಿಬರೋದಿಲ್ಲ, ನಿಮಗೆ ಕೊಡಬಹುದು” ಎಂದು ಚರ್ಮಕ್ಕೆ ಹಚ್ಚುವ ಹಾರ್ಮೋನ್ ಜೆಲ್ ಮತ್ತು ಜೊತೆಗೊಂದು ಮಾತ್ರೆ ಬರೆದರು.

“ಮನಸ್ಸು ಹೇಗಿದೆ? ಒಂದು ನಂಬರ್‌ನಲ್ಲಿ ಹೇಳಿ.”

ಹತ್ತಕ್ಕೆ ಎಂದು ಹೇಳಲು ಡಾಕ್ಟರ್ ಮರೆತರು. ಎಷ್ಟಕ್ಕೆ ಎಂದು ಪ್ರಮೀಳಕ್ಕ ಕೇಳಲಿಲ್ಲ. “ಎರಡು ಪಾಯಿಂಟ್ ಎಂಟು” ಎಂದಳು. ಡಾಕ್ಟರ್ ಬರೆದುಕೊಂಡರು.

ಮೂರು ತಿಂಗಳಲ್ಲಿ ಸೆಕೆ ಏಳುವುದು ದಿನಕ್ಕೆ ಒಂಬತ್ತು ಸಲದಿಂದ ಒಂದು ಸಲಕ್ಕೆ ಇಳಿಯಿತು. ನಿದ್ದೆ ಬಂತು. ಅಂಕಿ ಒಂದೂ ತಪ್ಪಲಿಲ್ಲ. ರಾಜೀನಾಮೆ ಪತ್ರ ಕಲ್ಲೇಶನ ಜೇಬಿನಲ್ಲೇ ಒಗೆತಕ್ಕೆ ಹೋಗಿ ಉಂಡೆಯಾಯಿತು. ಮತ್ತೆ ಹೊನ್ನಾಳಿಗೆ ಹೋದಾಗ ಡಾಕ್ಟರ್ ಅದೇ ಪ್ರಶ್ನೆ ಕೇಳಿದರು.

“ನಾಲ್ಕು ಪಾಯಿಂಟ್ ಆರು!” ಡೈರಿಯಲ್ಲಿ ಕೂಗಿದಂತೆಯೇ ಕೂಗಿದಳು.

ಡಾಕ್ಟರ ಮುಖ ಸಪ್ಪಗಾಯಿತು. “ಇಷ್ಟೇನಾ? ಹಾಗಾದರೆ ಈ ಔಷಧಿ ಬದಲಿಸಿ ನೋಡೋಣ.”

“ಅಯ್ಯೋ ಬ್ಯಾಡ್ರಿ ಮೇಡಮ್!” ಪ್ರಮೀಳಕ್ಕ ಜೆಲ್ಲಿನ ಡಬ್ಬಿಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. “ಇದರಿಂದಲೇ ನಾನು ಮನುಷ್ಯಳಾಗೀನಿ!”

ಕಲ್ಲೇಶ್ ಅಡ್ಡ ಬಂದ. “ಮೇಡಮ್, ಇವಳು ಹೇಳ್ತಿರೋದು ಹಾಲಿನ ಫ್ಯಾಟ್ ಲೆಕ್ಕ. ಹಸುವಿನ ಹಾಲು ಮೂರೂವರೆ ಬಂದ್ರೆ ಪಾಸು. ನಾಲ್ಕೂವರೆ ದಾಟಿದ್ರೆ ಸಾಲಿನಾಗಿರೋರೆಲ್ಲ ತಿರುಗಿ ನೋಡ್ತಾರೆ.”

ಡಾಕ್ಟರ್ ಕನ್ನಡಕ ತೆಗೆದಿಟ್ಟು ನಕ್ಕರು. ಔಷಧಿ ಬದಲಾಗಲಿಲ್ಲ. “ಸರಿ, ನನ್ನ ಲೆಕ್ಕದಲ್ಲೇ ಹೇಳಿ. ಹತ್ತಕ್ಕೆ ಎಷ್ಟು?”

“ಹತ್ತು ಯಾವ ಹಸು ಕೊಡ್ತೈತೆ ಮೇಡಮ್? ಸುಮ್ನೆ ಬರ್ಕೊಳ್ರಿ, ನಾಲ್ಕು ಪಾಯಿಂಟ್ ಆರು.”