ಕತ್ತರಿಯವರ ನಮಸ್ಕಾರ

ಅವನಿಗೆ ಎರಡು ಕಡೆ ಬಹುವಚನ, ಒಂದು ಕಡೆ ಏಕವಚನ. ಲಿಫ್ಟ್ ಕಂಪನಿಯ ದೂರು ವಿಭಾಗದಲ್ಲಿ ಫೋನ್ ಮಾಡಿದವರೆಲ್ಲ ಅವನನ್ನು ‘ನೀವು’ ಎನ್ನುತ್ತಾರೆ. ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡವರು ಯಾರನ್ನು ಬೇಕಾದರೂ ‘ನೀವು’ ಎನ್ನುತ್ತಾರೆ, ಅದು ಬೇರೆ ಮಾತು. ಪ್ರೋಗ್ರಾಮಿಂಗ್ ಕಲಿಯುವವರು, ಕಲಿತವರು, ಕಲಿತೆವೆಂದುಕೊಂಡವರು ಸೇರುವ ಒಂದು ಕನ್ನಡ ಜಾಲತಾಣದಲ್ಲಿ ಅವನು ‘ಕತ್ತರಿಯವರು’. ಮನೆಯಲ್ಲಿ ಮಾತ್ರ, ಅತ್ತಿಗೆಯ ಬಾಯಲ್ಲಿ, ಒಂಬತ್ತನೇ ವಯಸ್ಸಿನಿಂದ ನಲವತ್ತೇಳರವರೆಗೂ ‘ನೀನು’. ನಾವು ಮನೆಯ ಬಾಗಿಲಿನಿಂದ ಒಳಗೆ ಬಂದವರಾದ್ದರಿಂದ ಏಕವಚನವೇ ಇರಲಿ. ಅವನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಸ್ವಲ್ಪ ಮಾಡಿಕೊಳ್ಳಲಿ.

ಕತ್ತರಿ ಎಂಬುದು ಅವನೇ ಇಟ್ಟುಕೊಂಡ ಹೆಸರು. ಆ ತಾಣದಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು, ಯಾರು ಬೇಕಾದರೂ ಉತ್ತರಿಸಬಹುದು. ಬಹುಕಾಲ ಉತ್ತರಿಸಿ ಅಂಕ ಗಳಿಸಿದವರಿಗೆ ಇನ್ನೊಂದು ಅಧಿಕಾರ ಸಿಗುತ್ತದೆ: ಬೇರೆಯವರ ಪ್ರಶ್ನೆಯನ್ನು ತಿದ್ದುವುದು, ಇಷ್ಟವಾಗದಿದ್ದರೆ ಮುಚ್ಚುವುದು. ಅವನಿಗೆ ಉತ್ತರಿಸುವುದಕ್ಕಿಂತ ಇದು ಹೆಚ್ಚು ಹಿಡಿಸಿತು. ಹೊಸಬರು ಬಂದು, “ನಮಸ್ಕಾರ ಗುರುಗಳೇ, ನಾನು ಇಲ್ಲಿಗೆ ಹೊಸಬ, ದಯವಿಟ್ಟು ಕ್ಷಮಿಸಿ” ಎಂದು ಶುರುಮಾಡುತ್ತಾರೆ. ಅವನು ನಮಸ್ಕಾರ ತೆಗೆಯುತ್ತಾನೆ, ಗುರುಗಳನ್ನು ತೆಗೆಯುತ್ತಾನೆ, ಹೊಸಬನನ್ನು ತೆಗೆಯುತ್ತಾನೆ, ಕ್ಷಮೆಯನ್ನೂ ತೆಗೆಯುತ್ತಾನೆ. ಕಾರಣ ಬರೆಯುವ ಕಡೆ ‘ಅನಗತ್ಯ’ ಎಂದು ಬರೆಯುತ್ತಾನೆ. ಹನ್ನೊಂದು ವರ್ಷದಲ್ಲಿ ಹೀಗೆ ತೆಗೆದ ನಮಸ್ಕಾರಗಳು ಆರು ಸಾವಿರದ ಇನ್ನೂರ ಹದಿನೆಂಟು. ತಾಣವೇ ಎಣಿಸಿ ಹೇಳುತ್ತದೆ. ತಾಣ ಮರೆತರೆ ಎಂದು ಅವನೂ ಎಣಿಸಿಕೊಳ್ಳುತ್ತಾನೆ.

ಅವನು ಒರಟ ಎಂದು ನೀವು ತಿಳಿದರೆ ತಪ್ಪು. ಕಚೇರಿಯಲ್ಲಿ ಅವನಷ್ಟು ತಾಳ್ಮೆಯವನು ಇನ್ನೊಬ್ಬನಿಲ್ಲ. ಕಂಪನಿಯ ನಿಯಮದಂತೆ ದಿನಕ್ಕೆ ಎಂಬತ್ತು ಸಲ “ನಮಸ್ಕಾರ, ಗಾಬರಿಯಾಗಬೇಡಿ, ಹೇಳಿ” ಎನ್ನುತ್ತಾನೆ. ಬಹುಶಃ ಅಲ್ಲಿ ಕೊಟ್ಟ ನಮಸ್ಕಾರಗಳನ್ನೇ ಇಲ್ಲಿ ವಾಪಸು ತೆಗೆದುಕೊಳ್ಳುತ್ತಿದ್ದನೋ ಏನೋ. ತಾಣದಲ್ಲೂ ಅವನ ಮಟ್ಟಿಗೆ ಅವನು ಸಭ್ಯಸ್ಥನೇ. “ಮೊದಲು ಓದಿ ಬನ್ನಿ” ಎಂದು ಬರೆದು ಪ್ರಶ್ನೆ ಮುಚ್ಚುತ್ತಿದ್ದನೇ ಹೊರತು “ಓದಿ ಬಾ” ಎಂದು ಒಂದು ದಿನವೂ ಬರೆದವನಲ್ಲ. ಬಾಗಿಲು ಮುಖಕ್ಕೆ ಹಾಕುವಾಗಲೂ ಬಹುವಚನ ಬಿಡಲಿಲ್ಲ.

ಮನೆ ನೆಲಮಹಡಿಯಲ್ಲಿ, ಎರಡೇ ಕೋಣೆ, ಒಂದು ಅಡುಗೆಮನೆ. ಹಿಂದಿನ ಕೋಣೆಯಲ್ಲಿ ಅವನ ಕಂಪ್ಯೂಟರ್. ಮುಂದಿನ ಕೋಣೆಯಲ್ಲಿ ಅತ್ತಿಗೆಯ ಹೊಲಿಗೆ ಯಂತ್ರ, ಉದ್ದನೆಯ ಮೇಜು, ಗೋಡೆಗೆ ತೂಗುಹಾಕಿದ ಕಾಗದದ ಮಾದರಿಗಳು, ಅಳತೆ ಕೊಡುವವರು ಹತ್ತಿ ನಿಲ್ಲುವ ಒಂದು ಮಣೆ. ಅಪ್ಪ ಅಮ್ಮ ಇಲ್ಲದ ಮೈದುನನನ್ನು ಒಂಬತ್ತನೇ ವಯಸ್ಸಿನಲ್ಲಿ ಮಡಿಲಿಗೆ ಹಾಕಿಕೊಂಡವರು ಅವರು. ಅಣ್ಣ ತೀರಿಕೊಂಡು ಹದಿಮೂರು ವರ್ಷವಾಯಿತು. ಇವನಿಗೆ ಮದುವೆ ಕೂಡಿಬರಲಿಲ್ಲ. ಇಬ್ಬರೂ ನಡುವೆ ಒಂದು ತೆಳುಗೋಡೆ ಇಟ್ಟುಕೊಂಡು ಆರಾಮವಾಗಿ ಬದುಕುತ್ತಿದ್ದರು. ಈ ಕಡೆ ಹೊಲಿಗೆ ಯಂತ್ರದ ಸದ್ದು, ಆ ಕಡೆ ಕೀಲಿಮಣೆಯ ಸದ್ದು.

ಅತ್ತಿಗೆ ಹೊಲಿಗೆಗೆ ಪೂರಾ ಕೂತದ್ದು ಸ್ವಯಂ ನಿವೃತ್ತಿಯ ನಂತರ. ಅದಕ್ಕೆ ಮೊದಲು ಮೂವತ್ತು ವರ್ಷ ಕಚೇರಿಯೊಂದರಲ್ಲಿ ಬೆರಳಚ್ಚು. ಈ ವರ್ಷ ನರ್ಸಿಂಗ್ ಶಾಲೆಯ ಎಪ್ಪತ್ತೆರಡು ಹುಡುಗಿಯರ ಸಮವಸ್ತ್ರದ ಕೆಲಸ ಬಂದಾಗ, ಎದೆಯ ಸುತ್ತಳತೆ ಕೊಟ್ಟರೆ ಎಷ್ಟು ಬಟ್ಟೆ ಬೇಕೆಂದು ತಾನೇ ಹೇಳುವ ಪ್ರೋಗ್ರಾಂ ಬರೆಯಬೇಕೆಂದು ಅವರ ತಲೆಗೆ ಬಂತು. ಹಳೆಯದೊಂದು ಲ್ಯಾಪ್‌ಟಾಪ್ ತಂದರು. ಮೊದಲ ದಿನ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಏನೋ ಕೇಳಿದರು. ಇವನು ಪರದೆಯಿಂದ ಕಣ್ಣು ಕೀಳದೆ, “ಮೊದ್ಲು ಪುಸ್ತಕ ಓದಿ ಅತ್ತಿಗೆ” ಅಂದ. ಅವರು ಪುಸ್ತಕ ತಂದು ನಾನೂರು ಪುಟವನ್ನೂ ಪೆನ್ಸಿಲಿನಲ್ಲಿ ಗೆರೆ ಎಳೆದು ಓದಿದರು. ಮತ್ತೆ ಆ ಬಾಗಿಲಿಗೆ ಬರಲಿಲ್ಲ. ನಾಲ್ಕು ತಿಂಗಳು ಸದ್ದಿಲ್ಲದೆ ಬರೆದು, ಕೊನೆಗೆ ಒಂದೇ ಒಂದು ಕಡೆ ಸಿಕ್ಕಿಕೊಂಡು, ಒಂದು ಭಾನುವಾರ ಮಧ್ಯಾಹ್ನ ‘ಕಾಜಾಗುಂಡಿ’ ಎಂಬ ಹೆಸರಿನಲ್ಲಿ ಆ ತಾಣಕ್ಕೆ ಹೋಗಿ ಹೀಗೆ ಬರೆದರು:

“ನಮಸ್ಕಾರ. ನಾನು ಇಲ್ಲಿಗೆ ಹೊಸಬಳು, ವಯಸ್ಸು ಅರವತ್ತೊಂದು, ತಪ್ಪಾಗಿದ್ದರೆ ತಿದ್ದಿ. ಮೂವತ್ತು ವರ್ಷ ಕನ್ನಡ ಬೆರಳಚ್ಚು ಮಾಡಿದವಳು. ಅದೇ ರೂಢಿಯಲ್ಲಿ ಅಳತೆಗಳನ್ನೂ ಕನ್ನಡ ಅಂಕಿಯಲ್ಲೇ ಹೊಡೆಯುತ್ತೇನೆ. ಬಟ್ಟೆಯ ಲೆಕ್ಕ ಹೇಳುವ ಪ್ರೋಗ್ರಾಂ ಬರೆದಿದ್ದೇನೆ. ಮೂವತ್ತೆರಡು, ಮೂವತ್ತಾರು ಕೊಟ್ಟರೆ ಸರಿಯಾಗಿ ಹೇಳುತ್ತದೆ. ಮೂವತ್ತು, ನಲವತ್ತು ಕೊಟ್ಟರೆ ‘ಇದು ಸಂಖ್ಯೆಯಲ್ಲ’ ಎಂದು ನಿಲ್ಲುತ್ತದೆ. ನಲವತ್ತು ಸಂಖ್ಯೆಯಲ್ಲದಿದ್ದರೆ ಇನ್ನೇನು? ಮುಂಚಿತವಾಗಿ ಧನ್ಯವಾದಗಳು. ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.”

ಓದಿದ್ದರೆ ಅವನಿಗೆ ಗುರುತು ಸಿಗದೆ ಇರುತ್ತಿರಲಿಲ್ಲ. ಆದರೆ ಅಳಿಸಬೇಕಾದ್ದನ್ನು ಓದುವ ಅಭ್ಯಾಸ ತಪ್ಪಿ ಹತ್ತು ವರ್ಷವಾಗಿತ್ತು. ನಮಸ್ಕಾರ ಎಂಬಲ್ಲಿ ಹಿಡಿದು ಎಳೆದ, ಲೆಕ್ಕದವರೆಗೂ ಹೋಯಿತು. ಮುಂಚಿತವಾಗಿ ಎಂಬಲ್ಲಿ ಹಿಡಿದ, ಕ್ಷೇಮದವರೆಗೂ ಹೋಯಿತು. ಸಂಖ್ಯೆಯಲ್ಲ ಎಂದು ನಿಲ್ಲುವ ಪ್ರೋಗ್ರಾಂ ಬಗ್ಗೆ ಅಲ್ಲಿ ಆಗಲೇ ನೂರಾರು ಪ್ರಶ್ನೆಗಳಿದ್ದವು. “ಇದನ್ನು ಈಗಾಗಲೇ ಕೇಳಲಾಗಿದೆ. ಮೊದಲು ಓದಿ ಬನ್ನಿ. ಇದು ಅಕ್ಷರಾಭ್ಯಾಸದ ಜಾಗವಲ್ಲ” ಎಂದು ಬರೆದು ಮುಚ್ಚಿದ. ಒಟ್ಟು ನಲವತ್ತು ಸೆಕೆಂಡು. ಆರು ಸಾವಿರದ ಇನ್ನೂರ ಹತ್ತೊಂಬತ್ತು.

ಗೋಡೆಯಾಚೆ ಹೊಲಿಗೆ ಯಂತ್ರ ಸ್ವಲ್ಪ ಹೊತ್ತಿಗೆ ನಿಂತಿತು. ದಾರ ಮುಗಿದಿರಬೇಕು ಅಂದುಕೊಂಡ.

ಚಹಾಕ್ಕೆಂದು ಹೊರಗೆ ಬಂದಾಗ ಅತ್ತಿಗೆ ಲ್ಯಾಪ್‌ಟಾಪನ್ನು ಅದರ ರಟ್ಟಿನ ಪೆಟ್ಟಿಗೆಗೆ ಇಳಿಸುತ್ತಿದ್ದರು. ತಂತಿಯನ್ನು ಅಂಗೈಗೆ ಸುತ್ತಿ, ದಾರದ ಉಂಡೆಯ ಹಾಗೆ ಚೊಕ್ಕವಾಗಿ ಕಟ್ಟಿದ್ದರು.

“ಯಾಕತ್ತಿಗೆ, ಕೆಟ್ಟೋಯ್ತಾ?”

“ಅದು ಸರಿಯಾಗೇ ಇದೆ. ನಂಗೇ ಆಗ್ಲಿಲ್ಲ. ಬುಧವಾರ ನರ್ಸಿಂಗ್ ಶಾಲೆಯವ್ರು ಬಟ್ಟೆ ತಗೊಂಡ್ಹೋಗೋಕೆ ಬರ್ತಾರಲ್ಲ, ಅವ್ರಿಗೇ ಕೊಟ್ಬಿಡ್ತೀನಿ. ಓದೋ ಹುಡುಗೀರು ಇರ್ತಾರೆ.”

“ಅಷ್ಟು ದಿನ ಕೂತು ಮಾಡಿದ್ರಿ!”

“ಒಂದ್ಕಡೆ ಹೋಗಿ ಕೇಳ್ದೆ ಕಣೋ. ಓದಿ ಬನ್ನಿ, ಇದು ಅಕ್ಷರಾಭ್ಯಾಸದ ಜಾಗ ಅಲ್ಲ ಅಂದ್ರು. ನಾನೂರು ಪುಟ ಓದ್ಕೊಂಡೇ ಹೋಗಿದ್ದೆ.” ಪೆಟ್ಟಿಗೆಯ ಮುಚ್ಚಳ ಮಡಿಸಿದರು. “ಯಾರೋ ಕತ್ತರಿ ಅಂತೆ. ಇಷ್ಟು ವರ್ಷ ಕತ್ತರಿ ಹಿಡಿದೋಳು, ಕತ್ತರಿ ಕೈಲೇ ಅನ್ನಿಸ್ಕೊಂಡೆ.”

ಅವನ ಕೈಯಲ್ಲಿದ್ದ ಲೋಟ ಬೀಳಲಿಲ್ಲ. ಅಂಥದ್ದೇನೂ ಆಗಲಿಲ್ಲ. ಕಿವಿ ಮಾತ್ರ ಬಿಸಿಯಾಯಿತು.

“ಇರ್ತಾರೆ ಅಂಥೋರು,” ಅಂದ.

“ಪಾಪ, ಅವ್ರ ಮನೇಲಿ ಏನು ತಾಪತ್ರಯವೋ,” ಎಂದರು ಅತ್ತಿಗೆ. “ಮನೇಲಿ ನೆಮ್ಮದಿ ಇದ್ದೋರು ಹಾಗೆಲ್ಲ ಅನ್ನಲ್ಲ.”

ಅವನು ಚಹಾ ಕುಡಿದು ಲೋಟವನ್ನು ಎರಡು ಸಲ ತೊಳೆದಿಟ್ಟ. ನಾನೇ ಎಂದು ಹೇಳುವ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ನಾಚಿಕೆಯಾಗಿತ್ತು, ಅದಕ್ಕೆ ಬೇರೆ ಹೆಸರಿಲ್ಲ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಒಬ್ಬರು ಲಿಫ್ಟಿನೊಳಗಿಂದ ಫೋನ್ ಮಾಡಿದರು. “ನಮಸ್ಕಾರ ಸಾರ್, ಕೆಲಸದ ಹೊತ್ತಲ್ಲಿ ತೊಂದ್ರೆ ಕೊಡ್ತಿದೀನಿ. ನಾನು ಈ ಕಟ್ಟಡದೋನಲ್ಲ, ಅಕ್ಕನ ಮನೆಗೆ ಅಂತ ಬಂದೆ. ಅವಳ ಛತ್ರಿ ನಮ್ಮನೇಲೇ ಉಳಿದಿತ್ತು, ಕೊಟ್ಟು ಹೋಗೋಣ ಅಂತ ಹಿಡ್ಕೊಂಡು ಬಂದಿದ್ದೆ, ಅವಳು ಮನೇಲಿಲ್ಲ…” ಹೀಗೇ ಸಾಗಿತು. ಫೋನ್ ಮಾಡಿದವರ ಮಾತನ್ನು ನಡುವೆ ತುಂಡು ಮಾಡಬಾರದು ಎಂಬುದು ಕಂಪನಿಯ ನಾಲ್ಕನೇ ನಿಯಮ. ಅವನು ಪೂರಾ ಕೇಳಿದ. ಆಮೇಲೆ, “ಆ ಛತ್ರಿ ಈಗ ಎಲ್ಲಿದೆ ಸಾರ್?” ಅಂದ.

“ಅಯ್ಯೋ, ಬಾಗಿಲ ಸಂದೀಲಿ!”

ಛತ್ರಿ ಎಳೆದುಕೊಂಡರು, ಬಾಗಿಲು ಪೂರ್ತಿ ಮುಚ್ಚಿತು, ಲಿಫ್ಟ್ ಇಳಿಯಿತು. ಆತ ಮೂರು ಸಲ ಧನ್ಯವಾದ ಹೇಳಿ ಫೋನಿಟ್ಟರು.

ಲಿಫ್ಟ್ ನಿಂತಿದೆ ಎಂಬ ಒಂದು ವಾಕ್ಯ ಉಳಿಸಿಕೊಂಡು ಮಿಕ್ಕಿದ್ದನ್ನು ಅನಗತ್ಯ ಎಂದು ತೆಗೆದಿದ್ದರೆ, ಮೆಕ್ಯಾನಿಕ್ ಹೋಗುವವರೆಗೂ ಆ ಮನುಷ್ಯ ಅಲ್ಲೇ ನಿಂತಿರಬೇಕಿತ್ತು. ಇದು ಅವನಿಗೆ ಹೊಳೆದದ್ದು ಊಟದ ಬಿಡುವಿನಲ್ಲಿ, ಡಬ್ಬಿಯ ಮುಚ್ಚಳ ಕೈಯಲ್ಲಿದ್ದಾಗ. ಡಬ್ಬಿ ಹಾಗೇ ಬಿಟ್ಟು ತಾಣ ತೆರೆದ. ಅಲ್ಲಿ ಅಳಿಸಿದ್ದೂ ಉಳಿದಿರುತ್ತದೆ, ಹುಡುಕಿದರೆ ಸಿಗುತ್ತದೆ. ತಾನು ತೆಗೆದದ್ದನ್ನು ಅವನು ಹತ್ತು ವರ್ಷದಲ್ಲಿ ಮೊದಲ ಸಲ ಓದಿದ.

ಮೂವತ್ತು ವರ್ಷ ಬೆರಳಚ್ಚು. ಕನ್ನಡ ಅಂಕಿ. ಉತ್ತರ ಅಲ್ಲೇ ಇತ್ತು.

ಅವನಿಗೆ ಬೆರಳಚ್ಚು ಕಲಿಸಿದ್ದೂ ಅತ್ತಿಗೆಯೇ. ರಜೆಯ ದಿನ ಕಚೇರಿಗೆ ಕರೆದುಕೊಂಡು ಹೋಗಿ, ಕುರ್ಚಿಯ ಮೇಲೆ ಎರಡು ದಪ್ಪ ಕಡತ ಹಾಕಿ ಕೂರಿಸುತ್ತಿದ್ದರು. ಆ ಯಂತ್ರದಲ್ಲಿ ಒಂದೇ ಸೊನ್ನೆಯಿತ್ತು. “ಕ ಮುಂದೆ ಸೊನ್ನೆ ಹಾಕಿದ್ರೆ ಕಂ. ಒಂದರ ಮುಂದೆ ಸೊನ್ನೆ ಹಾಕಿದ್ರೆ ಹತ್ತು. ಎರಡಕ್ಕೂ ಇದೇ ಕೀಲಿ.” ಶಾಲೆಯಲ್ಲೂ ಎರಡಕ್ಕೂ ಸೊನ್ನೆ ಎಂದೇ ಹೆಸರು. ಕಣ್ಣಿಗೂ ಎರಡೂ ಅದೇ ಉರುಟು. ಕಂಪ್ಯೂಟರಿಗೆ ಮಾತ್ರ ಒಂದು ಅಕ್ಷರ, ಇನ್ನೊಂದು ಅಂಕಿ. ಅತ್ತಿಗೆಯ ಬೆರಳು ಮೂವತ್ತು ವರ್ಷದ ರೂಢಿಯಂತೆ ನಾಲ್ಕನ್ನು ಹೊಡೆದು ಅದರ ಮುಂದೆ ‘ಕಂ’ನ ಸೊನ್ನೆ ಇಡುತ್ತಿತ್ತು. ಮೂವತ್ತೆರಡರಲ್ಲಿ ಸೊನ್ನೆಯೇ ಇಲ್ಲ, ಹಾಗಾಗಿ ತಕರಾರೂ ಇಲ್ಲ. ನೂರಾರು ಹಳೆಯ ಪ್ರಶ್ನೆಗಳಲ್ಲಿ ಒಂದರಲ್ಲೂ ಈ ಮಾತಿರಲಿಲ್ಲ. ಯಾರೂ ಈಗಾಗಲೇ ಕೇಳಿರಲಿಲ್ಲ.

ಅವನು ಪ್ರಶ್ನೆಯನ್ನು ಮತ್ತೆ ತೆರೆದ. ನಮಸ್ಕಾರದಿಂದ ಕ್ಷೇಮದವರೆಗೂ ಎಲ್ಲವನ್ನೂ ಇದ್ದ ಜಾಗಕ್ಕೆ ತಂದಿಟ್ಟ. ತನ್ನ “ಓದಿ ಬನ್ನಿ”ಯ ಕೆಳಗೆ “ತಪ್ಪು ನನ್ನದು, ನಾನೇ ಓದಿರಲಿಲ್ಲ” ಎಂದು ಸೇರಿಸಿದ. ಆಮೇಲೆ ಉತ್ತರ ಬರೆದ, ಹನ್ನೊಂದು ವರ್ಷದಲ್ಲಿ ಮೊದಲ ಸಲ “ನಮಸ್ಕಾರ” ಎಂದು ಶುರುಮಾಡಿ. ಒಂಬತ್ತು ನಿಮಿಷಕ್ಕೆ ‘ಉಗುರು’ ಎಂಬ ಇನ್ನೊಬ್ಬ ಹಿರಿಯ ಬಂದು ಆ ನಮಸ್ಕಾರವನ್ನು ತೆಗೆದ. ಕಾರಣ: ಅನಗತ್ಯ. ಉಗುರಿಗೆ ಈ ಕೆಲಸ ಕಲಿಸಿಕೊಟ್ಟವನು ಇವನೇ ಆದ್ದರಿಂದ ದೂರುವಂತಿರಲಿಲ್ಲ. ಮತ್ತೆ ಹಾಕಿದ. ಮತ್ತೆ ಹೋಯಿತು.

ಆದರೆ ಉತ್ತರ ಓದಬೇಕಾದ ಲ್ಯಾಪ್‌ಟಾಪು ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆ ಬುಧವಾರಕ್ಕೆ ಕಾಯುತ್ತಿತ್ತು.

ಸಂಜೆ ಮನೆಗೆ ಬಂದವನು ಚಪ್ಪಲಿ ಬಿಟ್ಟು, ಎಲ್ಲಿ ಕೂರಬೇಕೆಂದು ತಿಳಿಯದೆ, ಅಳತೆ ಕೊಡುವವರ ಮಣೆಯ ಮೇಲೆ ಕೂತ. ಅತ್ತಿಗೆ ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ತೋಳೊಂದನ್ನು ಜೋಡಿಸುತ್ತಿದ್ದರು.

“ಅತ್ತಿಗೆ, ಆ ಕತ್ತರಿ ನಾನೇ.”

ಅವರು ಸೂಜಿ ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದರು.

“ಲಿಫ್ಟಲ್ಲಿ ಸಿಕ್ಕೊಂಡೋರಿಗೂ ಓದಿ ಬನ್ನಿ ಅಂತೀಯಾ?”

“ಇಲ್ಲ.”

“ಯಾಕೆ?”

ಅವನು ಯೋಚಿಸಿದ. “ಅಲ್ಲಿ ಸಂಬಳ ಕೊಡ್ತಾರೆ.”

ಅತ್ತಿಗೆ ನಗಲಿಲ್ಲ. ತೋಳನ್ನು ಮಡಿಸಿ ಪಕ್ಕಕ್ಕಿಟ್ಟರು. “ಚಿಕ್ಕೋನಿದ್ದಾಗ ನಮ್ಮ ಕಚೇರಿ ಯಂತ್ರದ ಮುಂದೆ ಕೂತು, ‘ಳ’ ಎಲ್ಲಿದೆ ಅತ್ತಿಗೆ, ‘ಳ’ ಎಲ್ಲಿದೆ ಅತ್ತಿಗೆ ಅಂತ ಕೇಳ್ತಾನೇ ಇರ್ತಿದ್ದೆ. ಎಷ್ಟು ಸಲ ಕೇಳಿದೀಯ ಗೊತ್ತಾ?”

“ಗೊತ್ತಿಲ್ಲ.”

“ನಂಗೂ ಗೊತ್ತಿಲ್ಲ. ನಾನು ಎಣಿಸ್ಲಿಲ್ಲ.”

ಆರು ಸಾವಿರದ ಇನ್ನೂರ ಹತ್ತೊಂಬತ್ತು ಎಂಬ ಸಂಖ್ಯೆ ಅವನಿಗೆ ನೆನಪಾಯಿತು. “ನಿಮ್ಮ ನಲವತ್ತು ಯಾಕೆ ನಿಲ್ತಿತ್ತು ಗೊತ್ತಾಯ್ತು, ಹೇಳ್ಲಾ?” ಅಂದ.

“ನೀನು ಹೇಳ್ಬೇಡ. ಅಲ್ಲಿ ಕೇಳಿದ್ದು, ಅಲ್ಲೇ ಓದ್ತೀನಿ.” ಅವರು ಎದ್ದು ಪೆಟ್ಟಿಗೆ ಎತ್ತಿ ಮೇಜಿನ ಮೇಲಿಟ್ಟರು. ತಂತಿಯ ಕಟ್ಟು ಬಿಚ್ಚಿದರು. ಕನ್ನಡಕ ಹಾಕಿಕೊಂಡು ಓದಿದರು. “‘ನಿಮ್ಮ ಸೊನ್ನೆ ಅಂಕಿಯಲ್ಲ, ಅಕ್ಷರ.’ ಒಂದು ನಮಸ್ಕಾರನೂ ಇಲ್ಲ, ಏನೂ ಇಲ್ಲ. ನೇರ ಸೊನ್ನೆಗೇ ಬಂದಿದೀಯಲ್ಲೋ.”

“ಹಾಕಿದ್ದೆ ಅತ್ತಿಗೆ. ಯಾರೋ ತೆಗೆದ್ರು.”

ಬಟ್ಟೆ ತಾನಾಗೇ ಬಿಗಿಯಾಯಿತು ಎನ್ನುವ ಗಿರಾಕಿಯನ್ನು ನೋಡುವ ಹಾಗೆ ಅವನನ್ನು ನೋಡಿದರು. ಆಮೇಲೆ ನಾಲ್ಕು ಹೊಡೆದು, ಅಂಕಿಯ ಸೊನ್ನೆ ಹುಡುಕಿ, ಅದನ್ನು ಒತ್ತಿದರು. ಎರಡೂಮುಕ್ಕಾಲು ಮೀಟರ್ ಎಂದು ಬಂತು. ಮೂವತ್ತಕ್ಕೆ ಎರಡೂಕಾಲು. ಮತ್ತೆ ನಲವತ್ತು ಹೊಡೆದರು, ಮತ್ತೆ ಎರಡೂಮುಕ್ಕಾಲು. ಸುಮ್ಮನೆ ಇನ್ನೊಂದು ಸಲ ಹೊಡೆದರು. “ಹೂಂ,” ಅಂದರು. ಪೆಟ್ಟಿಗೆಯನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದರು. “ನೀನು ಹೋಗು ಒಳಗೆ, ನಂಗೆ ಕೆಲಸ ಇದೆ.”

ಅವನು ಹಿಂದಿನ ಕೋಣೆಗೆ ಹೋಗಿ ಕೂತ. ಗೋಡೆಯಾಚೆ ಹೊಲಿಗೆ ಯಂತ್ರವಲ್ಲ, ಕೀಲಿಗಳ ಸದ್ದು ಕೇಳುತ್ತಿತ್ತು, ನಿಧಾನವಾಗಿ, ಹತ್ತೂ ಬೆರಳಿನದು. ಅವನ ಪರದೆಯ ಮೇಲೆ, ಅವನ ಉತ್ತರದ ಕೆಳಗೆ ಒಂದು ಸಾಲು ಮೂಡಿತು:

“ನಮಸ್ಕಾರ ಕತ್ತರಿಯವರೇ. ಸೊನ್ನೆ ಸರಿಹೋಯಿತು. ತುಂಬಾ ಧನ್ಯವಾದಗಳು. ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ ತಾನೇ?”

ಆ ಸಾಲಿನ ಪಕ್ಕದಲ್ಲೇ ಅಳಿಸುವ ಗುರುತಿತ್ತು. ಇನ್ನು ಒಂಬತ್ತು ನಿಮಿಷಕ್ಕೆ ಉಗುರು ಬರುತ್ತಾನೆ ಎಂಬುದೂ ಅವನಿಗೆ ಗೊತ್ತಿತ್ತು. ಅಷ್ಟರೊಳಗೆ ಹೇಳಿಬಿಡಬೇಕೆಂದು ಅವನು ಕುರ್ಚಿಯಲ್ಲೇ ಗೋಡೆಯ ಕಡೆ ತಿರುಗಿದ.

“ಕ್ಷೇಮ, ಅತ್ತಿಗೆ,” ಅಂದ, ಆಚೆಗೆ ಕೇಳುವ ಹಾಗೆ.